ಮಾತಿಗೆ ತಪ್ಪದ ಶ್ವಾರ್ಟ್ಸ್ ಅಯ್ಯನವರು

ತಂಜಾವೂರಿನ ಶ್ವಾರ್ಟ್ಸ್ ಅಯ್ಯನವರ ಹೆಸರನ್ನು ನಿಮ್ಮಲ್ಲಿ ಕೆಲವರು ಕೇಳಿರಬಹುದು. ಇವರು 1726ರಲ್ಲಿ ಪ್ರಷ್ಯ ರಾಜ್ಯದ ಸೊನ್ನೆನ್‌ಬುರ್ಗ್ ಎಂಬ ಊರಿನಲ್ಲಿ ಹುಟ್ಟಿ, 1750ರಲ್ಲಿ ತರಂಗಂಬಾಡಿಗೆ ಬಂದು, ತಮಿಳನ್ನು ಕಲಿತು, ಮದುವೆಯಾಗದೆ, ಸ್ವದೇಶಕ್ಕೆ ಮರಳದೆ, ಸಾಯುವ ತನಕ ಸುವಾರ್ತೆಯ ಸೇವೆ ಮಾಡಿದರು.

1779ರಲ್ಲಿ ಮದ್ರಾಸಿನ ಸರಕಾರದವರು ಸಮಾಧಾನದ ಮಾತಿಗಾಗಿ ಇವರನ್ನು ಶ್ರೀರಂಗಪಟ್ಟಣಕ್ಕೆ ಹೈದರಾಲಿಯ ಬಳಿಗೆ ಕಳುಹಿಸಿದರು. ಹೈದರನು ಇವರನ್ನು ಮರ್ಯಾದೆಯಿಂದ ಬರಮಾಡಿಕೊಂಡು, ಹೊರಡುವಾಗ ದಾರಿಯ ವೆಚ್ಚಕ್ಕೆಂದು 300 ರೂಪಾಯಿಗಳನ್ನು ಕೊಡಿಸಿದನು. ಅಯ್ಯನವರು ಅದನ್ನು ಹಾಗೆಯೇ ತಂದು ಸರಕಾರಕ್ಕೆ ಒಪ್ಪಿಸಿದರು. ಸರಕಾರದವರು ತಿರುಗಿ ಇವರಿಗೇ ಕೊಡಲು, ಆ ಹಣವನ್ನು ತಂಜಾವೂರಿನ ಬಡಮಕ್ಕಳ ಶಾಲೆಗೆ ಮೂಲಧನವಾಗಿ ಇಟ್ಟರು. ಸಂಧಾನವೇನೋ ಫಲಿಸಲಿಲ್ಲ, ಮರುವರುಷವೇ ಹೈದರನ ದಂಡು ಘಟ್ಟವಿಳಿದು ತಮಿಳುಸೀಮೆಗೆ ನುಗ್ಗಿತು. ಆದರೂ ಈ ಪಾದ್ರಿಯವರನ್ನು ಯಾರೂ ತಡೆಯಕೂಡದೆಂದು ಹೈದರನು ತನ್ನವರಿಗೆ ಅಪ್ಪಣೆಮಾಡಿದ್ದನು.

ಆ ಯುದ್ಧಕಾಲದಲ್ಲಿ ತಂಜಾವೂರಿನ ಕೋಟೆಯೊಳಗೆ ಘೋರವಾದ ಕ್ಷಾಮ ಉಂಟಾಯಿತು. ಬೀದಿಗಳಲ್ಲಿ ಜನರು ಸತ್ತು ಬೀಳುತ್ತಿದ್ದರು. ಹೊರಗೆ ಹಳ್ಳಿಗಳಲ್ಲಿ ಧಾನ್ಯವೂ ಇತ್ತು, ಎತ್ತುಗಳೂ ಇದ್ದವು. ಆದರೆ ರೈತರು ಕೊಡಲೊಲ್ಲರು. ಅವರ ತಪ್ಪೆಂದು ಹೇಳುವುದು ಹೇಗೆ? ಹಿಂದೆ ಅಧಿಕಾರಿಗಳು ಮಾಲನ್ನು ತೆಗೆದುಕೊಂಡು ಹಣ ಕೊಡದೆ ಅವರನ್ನು ಬರಿಗೈಯಲ್ಲಿ ಅಟ್ಟಿದ್ದರು. ಅರಸನ ಮಾತನ್ನೂ ಯಾರೂ ನಂಬದಿರಲು, ಅಯ್ಯನವರು ಸುತ್ತಣ ಊರುಗಳಿಗೆ ಪತ್ರಗಳನ್ನು ಬರೆದು, ತಾವೇ ಸ್ವಂತ ಕೈಯಿಂದ ಹಣ ಸಲ್ಲಿಸುವೆವೆಂದೂ, ಶತ್ರುಗಳು ಎತ್ತನ್ನು ಹಿಡಿದುಕೊಂಡು ಹೋದರೆ ಅದರ ಬೆಲೆಯನ್ನೂ ಕೊಡುವೆವೆಂದೂ ತಿಳಿಸಿದರು. ಒಂದೆರಡು ದಿನಗಳಲ್ಲಿ 1,000ಕ್ಕೂ ಮಿಕ್ಕ ಎತ್ತುಗಳು ಬಂದವು. ಒಬ್ಬ ಉಪದೇಶಿಯೂ ಬೇರೆ ಕ್ರೈಸ್ತರೂ ಪ್ರಾಣಭಯವನ್ನು ಲೆಕ್ಕಿಸದೆ ಹಳ್ಳಿಗಳಿಗೆ ಹೋಗಿ 80,000 ಕಲಂ ಧಾನ್ಯವನ್ನು ಕೋಟೆಗೆ ತಂದರು. ಕೆಲಸ ತೀರಿದ ಮೇಲೆ ಅಯ್ಯನವರು ರೈತರಿಗೆ ಸಲ್ಲಬೇಕಾದ ಹಣವನ್ನೆಲ್ಲಾ ಸಲ್ಲಿಸಿ, ಮೇಲೆ ಚಿಕ್ಕ ಉಡುಗೊರೆಯನ್ನೂ ಕೊಟ್ಟು ಮನೆಗೆ ಕಳುಹಿಸಿದರು. ಬಾಕಿ ತೀರಿದರೆ ಸಾಕೆಂದು ಅವರು ಎಣಿಸಲಿಲ್ಲ. ಬಂದವರು ಬೇಸರವಿಲ್ಲದೆ ಹೋಗಬೇಕೆಂಬುದೂ ಅವರಿಗೆ ಮುಖ್ಯವಾಗಿತ್ತು.

ಯುದ್ಧ ಮುಗಿದ ಬಳಿಕ, ಅಧಿಕಾರಿಗಳ ಹಿಂಸೆ ತಾಳಲಾರದೆ ಅನೇಕ ಒಕ್ಕಲಿಗರು ಊರುಬಿಟ್ಟು ಓಡಿಹೋದರು. ಅರಸನು ಎಷ್ಟು ಕರೆಸಿದರೂ ಬಾರದವರು ಅಯ್ಯನವರ ಭರವಸೆಯನ್ನು ನಂಬಿ, ಒಂದೇ ದಿನ 7,000 ಮಂದಿ ತಮ್ಮ ಹೊಲಗಳಿಗೆ ಮರಳಿದರು. ಬೇಸಾಯದ ಕಾಲ ಬಹುಮಟ್ಟಿಗೆ ಮೀರಿಹೋಗಿತ್ತು; ಇವರ ಮೇಲಿನ ಪ್ರೀತಿಗಾಗಿ ಹಗಲಿರುಳು ದುಡಿಯಲು ಅವರು ಒಪ್ಪಿಕೊಂಡರು.

1787ರಲ್ಲಿ ತುಳಜಾ ಮಹಾರಾಜನು ಮರಣಶಯ್ಯೆಯಲ್ಲಿ ತನ್ನ ದತ್ತುಪುತ್ರನಾದ ಸರ್ಫೋಜಿಯನ್ನು ಇವರ ಆರೈಕೆಗೇ ಒಪ್ಪಿಸಿದನು. 1798ನೆಯ ಫೆಬ್ರವರಿ 13ರಂದು ಅಯ್ಯನವರು ಕರ್ತನಲ್ಲಿ ನಿದ್ರೆಹೋದರು. ಸರ್ಫೋಜಿಯು ಅರಸನಾದ ಮೇಲೆ ಇಂಗ್ಲೆಂಡಿನ ಶಿಲ್ಪಿ ಫ್ಲಾಕ್ಸ್‌ಮನ್ನನಿಂದ ಅಮೃತಶಿಲೆಯ ಸ್ಮಾರಕವನ್ನು ಕೆತ್ತಿಸಿ ತಂಜಾವೂರಿನ ದೇವಾಲಯದಲ್ಲಿ ಇರಿಸಿದನು. ಸಾಯುತ್ತಿರುವ ಗುರುವಿನ ಕೈಯನ್ನು ಅರಸನು ಹಿಡಿದು ನಿಂತಿರುವಂತೆ ಅದರಲ್ಲಿ ಕೆತ್ತಲಾಗಿದೆ.