ತನ್ನ ರೋಗವನ್ನು ತಾನೇ ಗುರುತಿಸಿದ ವೈದ್ಯ

ವೈದ್ಯಶಾಸ್ತ್ರದ ಚರಿತ್ರೆಯಲ್ಲಿ ನಾವು ಮರೆಯಲಾಗದ ಹೆಸರು ಅರ್ಮಾಂ ಟ್ರೂಸೋ. ಫ್ರಾನ್ಸ್ ದೇಶದ ಟೂರ್ ನಗರದಲ್ಲಿ 1801ರಲ್ಲಿ ಜನಿಸಿದ ಅವರು ಬ್ರೆತೊನ್ನೋ ಎಂಬ ಗುರುಗಳ ಬಳಿ ವೈದ್ಯವಿದ್ಯೆ ಕಲಿತರು. ಗಂಟಲುಮಾರಿಯಿಂದ ಉಸಿರುಕಟ್ಟಿದ ಮಕ್ಕಳ ಶ್ವಾಸನಾಳವನ್ನು ಕೊಯ್ದು ಜೀವ ಉಳಿಸುವ ಚಿಕಿತ್ಸೆಯನ್ನು ಪ್ರಚಾರಕ್ಕೆ ತಂದರು. ಪ್ಯಾರಿಸ್ಸಿನ ಓತೆಲ್ ದ್ಯೂ ಆಸ್ಪತ್ರೆಯಲ್ಲಿ ಅವರು ನೀಡಿದ ಪಾಠಗಳು ದೇಶವಿದೇಶಗಳಲ್ಲಿ ಹೆಸರಾದುವು.

ಬೇರೆ ಕಾರಣವಿಲ್ಲದೆ ರಕ್ತನಾಳಗಳಲ್ಲಿ ರಕ್ತ ಹೆಪ್ಪುಗಟ್ಟಿದರೆ ಒಳಗೆಲ್ಲೋ ಕ್ಯಾನ್ಸರ್ ಅಡಗಿರಬಹುದೆಂದು ಅವರು 1865ರಲ್ಲಿ ಬೋಧಿಸಿದರು. 1867ರಲ್ಲಿ ಅದೇ ಚಿಹ್ನೆ ಅವರ ಮೈಯಲ್ಲಿಯೇ ಕಾಣಿಸಿತು. ತಮ್ಮ ಅಂತ್ಯ ಸಮೀಪಿಸಿತೆಂದು ಶಿಷ್ಯರೊಬ್ಬರಿಗೆ ತಿಳಿಸಿದರು. ಅದೇ ವರ್ಷದ ಜೂನ್ ತಿಂಗಳಲ್ಲಿ ಜಠರದ ಕ್ಯಾನ್ಸರಿನಿಂದ ತೀರಿಕೊಂಡರು.

ಕ್ಯಾನ್ಸರ್ ರೋಗವು ರಕ್ತದ ಹೆಪ್ಪುಗಟ್ಟುವ ಗುಣವನ್ನು ಹೆಚ್ಚಿಸುತ್ತದೆ. ಶಸ್ತ್ರಚಿಕಿತ್ಸೆ, ಕೆಲವು ಔಷಧಿಗಳು, ಬಹುದಿನ ಹಾಸಿಗೆ ಹಿಡಿಯುವುದು ಇವೂ ಆ ಅಪಾಯವನ್ನು ಬೆಳೆಸುತ್ತವೆ. ಕಾಲಿನಲ್ಲಿ ಕಟ್ಟಿದ ಹೆಪ್ಪು ಶ್ವಾಸಕೋಶಕ್ಕೆ ಹರಿದರೆ ಪ್ರಾಣಕ್ಕೇ ಸಂಚಕಾರ. ಟ್ರೂಸೋ ಅವರ ಕಾಲದಲ್ಲಿ ಇದಕ್ಕೆ ತಕ್ಕ ಮದ್ದಿರಲಿಲ್ಲ. 1916ರಲ್ಲಿ ಹೆಪಾರಿನ್ ಪತ್ತೆಯಾದ ಮೇಲೆ ದಾರಿ ತೆರೆಯಿತು. ಆದುದರಿಂದ ನಮ್ಮ ಮನೆಯಲ್ಲಿ ಕ್ಯಾನ್ಸರಿಗೆ ಚಿಕಿತ್ಸೆ ಪಡೆಯುವವರಿದ್ದು, ಅವರ ಒಂದು ಕಾಲು ಊದಿ ನೋಯುತ್ತಿದ್ದರೆ ಅಥವಾ ಹಠಾತ್ತನೆ ಉಸಿರು ಕಟ್ಟಿದರೆ, ನಾವು ತಡಮಾಡದೆ ವೈದ್ಯರ ಬಳಿಗೆ ಕರೆದೊಯ್ಯಬೇಕು. ಆ ಮಹನೀಯರ ಬಾಳು ನಮಗೆ ಕಲಿಸುವ ಎಚ್ಚರವಿದು.