ತಾಂಜಿಯರ್‌ನಿಂದ ಒಂಟಿಯಾಗಿ ಹೊರಟವರು

ಹೊಸದೊಂದಕ್ಕೆ ಕೈಹಾಕುವಾಗ ನಿಮ್ಮ ಮನಸ್ಸಿನ ಒಂದು ಭಾಗ ಹೊರಡು ಎನ್ನುತ್ತದೆ, ಇನ್ನೊಂದು ಭಾಗ ಬೇಡ ಎಂದು ಹಿಂದಕ್ಕೆಳೆಯುತ್ತದೆ. ಯಾವುದನ್ನು ನಂಬುವುದು? ಸುಮಾರು ಏಳು ಶತಮಾನಗಳ ಹಿಂದೆ ಮೊರಾಕ್ಕೊದ ಯುವಕರೊಬ್ಬರು ಈ ಇಕ್ಕಟ್ಟನ್ನು ಹೇಗೆ ದಾಟಿದರೆಂದು ನೋಡಿ.

ಇಬ್ನ್ ಬತೂತ 1304ರಲ್ಲಿ ತಾಂಜಿಯರ್ ನಗರದ ಕಾಝಿಗಳ ಮನೆತನದಲ್ಲಿ ಜನಿಸಿದರು. ಊರಲ್ಲೇ ಉಳಿದಿದ್ದರೆ ಗೌರವದ ಬದುಕಿಗೆ ಕೊರತೆಯಿರಲಿಲ್ಲ. ಆದರೆ ಹಜ್ಜ್‌ನ ಹಂಬಲ ಅವರನ್ನು ಬಿಡಲಿಲ್ಲ. 1325ರ ಜೂನ್‌ನಲ್ಲಿ, 21ರ ಹರೆಯದಲ್ಲಿ, ಜೊತೆಗಾರರಾಗಲಿ ಯಾತ್ರಿಕರ ತಂಡವಾಗಲಿ ಇಲ್ಲದೆ ಒಬ್ಬರೇ ಹೊರಟರು. ತಂದೆ-ತಾಯಿ ಇಬ್ಬರೂ ಬದುಕಿದ್ದರು. ಅವರನ್ನು ಅಗಲುವ ನೋವು ಚಿಕ್ಕದಾಗಿರಲಿಲ್ಲ.

ದಾರಿಯಲ್ಲಿ ಬಿಜಾಯ ಪಟ್ಟಣದಲ್ಲಿ ಜ್ವರ ಹಿಡಿಯಿತು. ಗುಣವಾಗುವ ತನಕ ನಿಲ್ಲುವಂತೆ ಸಹಪ್ರಯಾಣಿಕರು ಹೇಳಿದರೂ ಕೇಳಲಿಲ್ಲ. ನಿಶ್ಶಕ್ತಿಯಿಂದ ಕೆಳಗೆ ಬೀಳದಂತೆ ಮುಂಡಾಸಿನ ಬಟ್ಟೆಯಿಂದ ತಮ್ಮನ್ನು ಜೀನಿಗೆ ಕಟ್ಟಿಕೊಂಡು ಸಾಗಿದರು. (ಇದನ್ನು ನೀವು ಅನುಸರಿಸಬೇಕೆಂದು ನಾನು ಹೇಳುವುದಿಲ್ಲ!) ಹಾಗೆ ಟ್ಯುನಿಸ್ ತಲುಪಿದಾಗ ಊರಿನವರು ಹೊರಬಂದು ತಮ್ಮ ತಮ್ಮ ಪರಿಚಯದವರಿಗೆ ಸಲಾಮ್ ಹೇಳಿ ಕ್ಷೇಮ ವಿಚಾರಿಸತೊಡಗಿದರು. ಇವರನ್ನು ಕೇಳುವವರೇ ಇಲ್ಲ. ದುಃಖ ಉಕ್ಕಿ ಬಂದು ಅತ್ತೇ ಬಿಟ್ಟರು. ಅದನ್ನು ಕಂಡ ಒಬ್ಬ ಯಾತ್ರಿಕ ಹತ್ತಿರ ಬಂದು ಮಾತನಾಡಿಸಿದ.

ಮನೆ ಬಿಟ್ಟು ಹಾಸ್ಟೆಲ್ ಸೇರಿದ ಮೊದಲ ವಾರ ನಿಮಗೂ ಇಂತಹ ಸಂಜೆಯೊಂದು ಬಂದಿರಬಹುದು. ಆ ಕಣ್ಣೀರನ್ನೇ ಹಿಂತಿರುಗುವ ಸೂಚನೆಯೆಂದು ತಿಳಿಯುವವರೇ ಹೆಚ್ಚು. ಇಬ್ನ್ ಬತೂತ ಹಾಗೆ ತಿಳಿಯಲಿಲ್ಲ. ಆ ಅಳುವನ್ನು ಮುಚ್ಚಿಡಲೂ ಇಲ್ಲ, ಮೂವತ್ತು ವರ್ಷಗಳ ಬಳಿಕ ತಮ್ಮ ಗ್ರಂಥದಲ್ಲಿ ಬರೆಸಿದರು. ಟ್ಯುನಿಸ್‌ನಿಂದ ಹಜ್ಜ್ ಯಾತ್ರಿಕರ ತಂಡ ಹೊರಟಾಗ ಅದೇ ಯುವಕನನ್ನು ಆ ತಂಡದ ಕಾಝಿಯನ್ನಾಗಿ ನೇಮಿಸಲಾಯಿತು!

ಅಲೆಕ್ಸಾಂಡ್ರಿಯಾದಲ್ಲಿ ಬುರ್ಹಾನುದ್ದೀನ್ ಎಂಬ ಸಾತ್ವಿಕರು ಇವರೊಳಗಿನ ಸಂಚಾರದ ಒಲವನ್ನು ಗುರುತಿಸಿ, ಭಾರತ, ಸಿಂಧ್ ಮತ್ತು ಚೀನಾದಲ್ಲಿರುವ ತಮ್ಮ ಮೂವರು ಸಹೋದರರಿಗೆ ಸಲಾಮ್ ತಲುಪಿಸಲು ಹೇಳಿದರು. ಅಲ್ಲಿಯ ತನಕ ಆ ದೇಶಗಳ ಯೋಚನೆಯೇ ಅವರಿಗಿರಲಿಲ್ಲ. 1326ರಲ್ಲಿ ಹಜ್ಜ್ ಪೂರ್ತಿಯಾಯಿತು, ಪ್ರಯಾಣ ಪೂರ್ತಿಯಾಗಲಿಲ್ಲ.

ಮನಸ್ಸಿನ ಎಚ್ಚರಿಕೆಯನ್ನೂ ಅವರು ಕಡೆಗಣಿಸಿದವರಲ್ಲ. ದಿಲ್ಲಿಯಲ್ಲಿ ಮುಹಮ್ಮದ್ ಬಿನ್ ತುಘ್ಲಕ್ ಅವರನ್ನು ದೊಡ್ಡ ಸಂಬಳದ ಕಾಝಿಯನ್ನಾಗಿ ಮಾಡಿದ್ದ. ಆದರೆ ಸುಲ್ತಾನನ ಕೋಪಕ್ಕೆ ಗುರಿಯಾದ ಶೈಖ್ ಒಬ್ಬರನ್ನು ಭೇಟಿಯಾದ ಕಾರಣಕ್ಕೆ ಕಾವಲಿನಲ್ಲಿರಬೇಕಾಯಿತು. ಬಿಡುಗಡೆಯಾದ ಮೇಲೆ ಹುದ್ದೆ ತೊರೆದು, ಇದ್ದುದನ್ನೆಲ್ಲ ದಾನ ಮಾಡಿ, ಐದು ತಿಂಗಳು ಒಬ್ಬ ಸಂತರ ಸನ್ನಿಧಿಯಲ್ಲಿ ಕಳೆದರು. ಬಳಿಕ ಅದೇ ಸುಲ್ತಾನ ಅವರನ್ನು ಚೀನಾಕ್ಕೆ ರಾಯಭಾರಿಯಾಗಿ ಕಳುಹಿಸಿದ. ಕಲ್ಲಿಕೋಟೆಯಲ್ಲಿ ಸರಕು ಹಡಗೇರಿತ್ತು. ಇವರು ಜುಮಾ ನಮಾಝ್‌ಗಾಗಿ ದಡದಲ್ಲುಳಿದರು. ಆಗ ಎದ್ದ ಬಿರುಗಾಳಿಗೆ ಸಿಕ್ಕಿ ಸುಲ್ತಾನನ ಉಡುಗೊರೆಗಳಿದ್ದ ಹಡಗು ಒಡೆದುಹೋಯಿತು. ಬರಿಗೈಯಲ್ಲಿ ದಿಲ್ಲಿಗೆ ಮರಳುವುದು ಅಪಾಯವೆಂದು ಅವರ ಮನಸ್ಸು ಹೇಳಿತು. ಮರಳಲಿಲ್ಲ. ನಮ್ಮ ಹೊನ್ನಾವರದ ಸುಲ್ತಾನ್ ಜಮಾಲುದ್ದೀನ್‌ರ ಬಳಿಗೆ ಬಂದರು.

ಹೊನ್ನಾವರವನ್ನು ಅವರು ದಾರಿಯಲ್ಲಿ ಮೊದಲೇ ನೋಡಿದ್ದರು. ಅಲ್ಲಿ ಹುಡುಗಿಯರಿಗೆ 13 ಮತ್ತು ಹುಡುಗರಿಗೆ 23 ಪಾಠಶಾಲೆಗಳಿದ್ದವೆಂದೂ, ಹೆಂಗಸರು ಕುರ್‌ಆನನ್ನು ಕಂಠಪಾಠ ಮಾಡಿದ್ದರೆಂದೂ, ಇಂತಹುದನ್ನು ಬೇರೆಲ್ಲೂ ಕಂಡಿಲ್ಲವೆಂದೂ ದಾಖಲಿಸಿದರು. ಮಗಳನ್ನು ಕಾಲೇಜಿಗೆ ಕಳುಹಿಸಲು ಇನ್ನೂ ಅನುಮಾನಿಸುವ ಹೆತ್ತವರು ಈ ಸಾಲಿನ ಮುಂದೆ ಸ್ವಲ್ಪ ನಿಲ್ಲಲಿ. ಅರ್ಧ ಜಗತ್ತು ಸುತ್ತಿದವರನ್ನು ಬೆರಗುಗೊಳಿಸಿದ್ದು ನಮ್ಮ ಕರಾವಳಿಯ ಹುಡುಗಿಯರ ಶಾಲೆಗಳು.

ಈ ಬದುಕಿಗೆ ಅವರು ತೆತ್ತ ಬೆಲೆಯೂ ಇದೆ. ತಂದೆ ತೀರಿಕೊಂಡು 15 ವರ್ಷಗಳಾದ ಮೇಲೆ ದಮಾಸ್ಕಸ್‌ನಲ್ಲಿ ಆ ಸುದ್ದಿ ತಿಳಿಯಿತು. 1349ರಲ್ಲಿ ಮೊರಾಕ್ಕೊ ಸೇರಿದಾಗ, ಕೆಲವೇ ತಿಂಗಳ ಹಿಂದೆ ತಾಯಿಯೂ ಮಹಾಮಾರಿಗೆ ಬಲಿಯಾಗಿದ್ದರು. ತಾಂಜಿಯರ್‌ಗೆ ಹೋಗಿ ತಾಯಿಯ ಕಬರ್ ಸಂದರ್ಶಿಸಿದರು. ಅನಂತರವೂ ಅಂದಲೂಸ್‌ಗೆ, 1352ರಲ್ಲಿ ಸಹರಾ ಮರುಭೂಮಿ ದಾಟಿ ಮಾಲಿಗೆ ಹೋದರು. ಕೊನೆಗೆ ಮೊರಾಕ್ಕೊದ ಸುಲ್ತಾನರ ಆದೇಶದಂತೆ ಫೆಝ್ ನಗರದಲ್ಲಿ ಕುಳಿತು, ಕಂಡದ್ದನ್ನೆಲ್ಲ ಇಬ್ನ್ ಜುಝೈ ಎಂಬ ಯುವ ವಿದ್ವಾಂಸರಿಗೆ ಹೇಳಿ ಬರೆಸಿದರು. ಗ್ರಂಥ 1355ರಲ್ಲಿ ಮುಗಿಯಿತು.