ಮಕ್ಕಳ ವೈದ್ಯ ಹಿರ್ಷ್‌ಸ್ಪ್ರುಂಗ್

ಮಕ್ಕಳೇ, ನರಸಾಪುರದ ಕೆರೆಯನ್ನು ನಿಮ್ಮಲ್ಲಿ ಕೆಲವರಾದರೂ ನೋಡಿರುತ್ತೀರಿ. ಕೆರೆಯ ತೂಬಿಗೆ ಕಸ ಸಿಕ್ಕಿಕೊಂಡರೆ ಏನಾಗುತ್ತದೆ? ಕಾಲುವೆ ಒಣಗುತ್ತದೆ, ನೀರು ಕೆರೆಯಲ್ಲೇ ನಿಲ್ಲುತ್ತದೆ. ಆಗ ರಿಪೇರಿ ಮಾಡಬೇಕಾದ್ದು ಕೆರೆಯನ್ನೋ, ತೂಬನ್ನೋ? ಉತ್ತರ ನೆನಪಿರಲಿ, ಮುಂದೆ ಬೇಕಾಗುತ್ತದೆ.

ಹೆರಾಲ್ಡ್ ಹಿರ್ಷ್‌ಸ್ಪ್ರುಂಗ್ 1830ರಲ್ಲಿ ಡೆನ್ಮಾರ್ಕ್ ದೇಶದ ಕೋಪನ್‌ಹೇಗನ್ ನಗರದಲ್ಲಿ ಹುಟ್ಟಿದರು. ತಂದೆಯದು ಹೊಗೆಸೊಪ್ಪಿನ ಕಾರ್ಖಾನೆ. ಮಗ ಮಾತ್ರ ವೈದ್ಯನಾಗುವೆನೆಂದು ಹೊರಟರು. 1879ರಲ್ಲಿ ರಾಣಿ ಲೂಯಿಸ್ ಹೆಸರಿನ ಮಕ್ಕಳ ಆಸ್ಪತ್ರೆಗೆ ಮುಖ್ಯ ವೈದ್ಯರಾದರು. ಹಾಸಿಗೆಗಳ ಮೇಲ್ಗಡೆ ಬೈಬಲ್ಲಿನ ವಾಕ್ಯಗಳಿರಲಿ ಎಂದು ರಾಣಿಯ ಇಚ್ಛೆ. ಮಕ್ಕಳಿಗೆ ಪ್ರಾಣಿಗಳ ಚಿತ್ರಗಳೇ ಬೇಕು ಎಂದು ಇವರ ಹಟ. ನೀವಾಗಿದ್ದರೆ ಯಾರ ಪಕ್ಷ?

ಆ ಕಾಲದಲ್ಲಿ ಹಸುಗೂಸಿನ ಹೊಟ್ಟೆ ಕೊಯ್ದರೆ ಬದುಕುವುದು ಕಷ್ಟವಿತ್ತು. ಅಂಗಿಯ ತೋಳು ಒಳಕ್ಕೆ ಮಡಚಿಕೊಳ್ಳುವಂತೆ ಕೆಲವು ಮಕ್ಕಳ ಕರುಳು ತನ್ನೊಳಗೆ ತಾನೇ ಸೇರಿಕೊಂಡು ದಾರಿ ಮುಚ್ಚಿಹೋಗುತ್ತದೆ. ಹಿರ್ಷ್‌ಸ್ಪ್ರುಂಗ್ ಚಾಕು ಹಿಡಿಯದೆ, ಗುದದ್ವಾರದಿಂದ ನೀರು ಹಾಯಿಸಿ, ಆ ಒತ್ತಡದಿಂದಲೇ ಕರುಳನ್ನು ಹಿಂದಕ್ಕೆ ಸರಿಸುತ್ತಿದ್ದರು. ಎಷ್ಟೋ ಮಕ್ಕಳು ಹೀಗೆ ಉಳಿದುಕೊಂಡರು.

ಆದರೆ ಎರಡು ಮಕ್ಕಳನ್ನು ಉಳಿಸಲಾಗಲಿಲ್ಲ. ಹುಟ್ಟಿದಾಗಿನಿಂದ ಅವುಗಳಿಗೆ ಮಲವೇ ಸರಿಯಾಗಿ ಹೋಗುತ್ತಿರಲಿಲ್ಲ. (ನಗಬೇಡಿ, ಇದು ಪ್ರಾಣದ ಪ್ರಶ್ನೆ!) ಹೊಟ್ಟೆ ತಮಟೆಯಂತೆ ಬಿಗಿದು ಊದುತ್ತಿತ್ತು. ವರ್ಷ ತುಂಬುವ ಮೊದಲೇ ಎರಡೂ ತೀರಿಕೊಂಡವು. ಪರೀಕ್ಷಿಸಿದಾಗ ದೊಡ್ಡ ಕರುಳು ವಿಪರೀತ ಹಿಗ್ಗಿರುವುದು ಕಂಡಿತು. 1886ರಲ್ಲಿ ಬರ್ಲಿನ್‌ನಲ್ಲಿ ಸೇರಿದ್ದ ವೈದ್ಯರಿಗೆ ಅವರು ಇದನ್ನು ವಿವರಿಸಿದರು. ಕಾಯಿಲೆಗೆ ಅವರ ಹೆಸರೇ ನಿಂತಿತು. ಹಿಗ್ಗಿದ ಭಾಗದಲ್ಲೇ ಹುಟ್ಟಿನಿಂದ ದೋಷವಿದೆ ಎಂದು ಅವರು ತಿಳಿದಿದ್ದರು. 1916ರಲ್ಲಿ ನಿಧನರಾದರು.

ಈಗ ತೂಬನ್ನು ನೆನೆಯಿರಿ. ಕರುಳು ಸಂಕುಚಿಸುತ್ತ, ಸಡಿಲಗೊಳ್ಳುತ್ತ ಆಹಾರವನ್ನು ಮುಂದಕ್ಕೆ ತಳ್ಳುತ್ತದೆ. ಈ ಕೆಲಸ ಮಾಡಿಸುವುದು ಅದರ ಗೋಡೆಯಲ್ಲಿರುವ ನರಕೋಶಗಳು. ಈ ಮಕ್ಕಳಲ್ಲಿ ಕರುಳಿನ ಕೊನೆಯ ಭಾಗದಲ್ಲಿ ಆ ಕೋಶಗಳೇ ಇರುವುದಿಲ್ಲ. ಆ ಭಾಗ ಸಡಿಲಗೊಳ್ಳದೆ ಬಿಗಿಯಾಗಿಯೇ ಇರುತ್ತದೆ. ಅದರ ಹಿಂದಿನ ಒಳ್ಳೆಯ ಕರುಳು ತುಂಬಿ ಊದಿಕೊಳ್ಳುತ್ತದೆ. ನೋಡಲು ಸಾಧಾರಣವಾಗಿದ್ದ ಕಿರಿದಾದ ಭಾಗದಲ್ಲೇ ದೋಷವಿತ್ತು! ಸುಮಾರು 5,000 ಮಕ್ಕಳಲ್ಲಿ ಒಬ್ಬರಿಗೆ ಹೀಗಾಗುತ್ತದೆ. ಹುಟ್ಟಿದ ಮಗು 48 ಗಂಟೆಯಾದರೂ ಮೊದಲ ಕಪ್ಪು ಮಲ ವಿಸರ್ಜಿಸದಿದ್ದರೆ ವೈದ್ಯರು ಈ ಕಾಯಿಲೆಯನ್ನು ಶಂಕಿಸುತ್ತಾರೆ.

1948ರಲ್ಲಿ ಅಮೆರಿಕದ ಆರ್ವರ್ ಸ್ವೆನ್ಸನ್, ನರಕೋಶವಿಲ್ಲದ ಭಾಗವನ್ನು ತೆಗೆದು ಒಳ್ಳೆಯ ಕರುಳನ್ನು ಕೆಳಕ್ಕೆಳೆದು ಜೋಡಿಸುವ ಶಸ್ತ್ರಚಿಕಿತ್ಸೆಯನ್ನು ಪ್ರಕಟಿಸಿದರು. ಅದಕ್ಕೆ ಹೊಟ್ಟೆಯನ್ನು ದೊಡ್ಡದಾಗಿ ಕೊಯ್ಯಬೇಕಿತ್ತು. 1995ರಲ್ಲಿ ಅಮೆರಿಕದವರೇ ಆದ ಕೀತ್ ಜಾರ್ಜ್‌ಸನ್ ಮತ್ತು ಸಂಗಡಿಗರು ಲ್ಯಾಪರೊಸ್ಕೋಪಿಯಿಂದ, ಅಂದರೆ ಕೀ-ಹೋಲ್ ಆಪರೇಷನ್‌ನಿಂದ, ಇದನ್ನು ಮಾಡಿದ್ದನ್ನು ವರದಿ ಮಾಡಿದರು. ಕೆಲವೇ ಮಿಲಿಮೀಟರ್ ಅಗಲದ ಮೂರು ನಾಲ್ಕು ರಂಧ್ರಗಳು ಸಾಕು. ಇಂಗಾಲದ ಡೈಆಕ್ಸೈಡ್ ತುಂಬಿ ಹೊಟ್ಟೆಯೊಳಗೆ ಜಾಗ ಮಾಡಿಕೊಂಡು, ಕ್ಯಾಮೆರಾ ಇರುವ ಕೊಳವೆ ತೂರಿಸಿ, ಪರದೆಯ ಮೇಲೆ ನೋಡುತ್ತ ಕೆಲಸ ಮಾಡುತ್ತಾರೆ. ದೋಷದ ಭಾಗವನ್ನು ಗುದದ್ವಾರದಿಂದಲೇ ಹೊರಗೆಳೆದು ಕತ್ತರಿಸುತ್ತಾರೆ. ಎಲ್ಲಿ ಕತ್ತರಿಸಬೇಕೆಂಬುದನ್ನು ಊತ ನೋಡಿ ನಿರ್ಧರಿಸುವುದಿಲ್ಲ. ಕರುಳಿನ ಚೂರೊಂದನ್ನು ಸೂಕ್ಷ್ಮದರ್ಶಕದಡಿ ಇಟ್ಟು, ನರಕೋಶಗಳು ಕಂಡ ಮೇಲೆಯೇ ಮುಂದಿನ ಹೆಜ್ಜೆ.